ಟ್ರಯಲ್ ಬಗ್ಗೆ ಕೇಳುವುದಾದರೆ ಕೀಮೋಗೆ ಮೊದಲೇ ಕೇಳಿ

ಶಿರಸಿಯಿರಲಿ, ಕಾರವಾರವಿರಲಿ, ಕ್ಯಾನ್ಸರ್ ರೋಗಿಯ ಮನೆಯವರು ಕ್ಲಿನಿಕಲ್ ಟ್ರಯಲ್, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನದ ವಿಚಾರ ಎತ್ತುವುದು ಬಹುತೇಕ ಎಲ್ಲ ಔಷಧಿ ಮುಗಿದ ಮೇಲೆಯೇ. ಆಗ ತಡವಾಗಿರುತ್ತದೆ. ಎಷ್ಟೋ ಟ್ರಯಲ್‌ಗಳಿಗೆ ಇನ್ನೂ ಕೀಮೋ ಶುರುವಾಗದವರೇ ಬೇಕು. ಕಿಡ್ನಿ, ಲಿವರ್ ಸರಿ ಇರಬೇಕು, ರೋಗಿ ಎದ್ದು ಓಡಾಡುವಂತಿರಬೇಕು. ಆದ್ದರಿಂದ ಬಯಾಪ್ಸಿ ರಿಪೋರ್ಟ್ ಬಂದ ಕೂಡಲೇ ಕೇಳಿಬಿಡಿ.

"ಅಪ್ಪಯ್ಯನ ಮೇಲೆ ಪ್ರಯೋಗ ಮಾಡ್ತಾರಾ ಡಾಕ್ಟ್ರೇ? ಸುಮ್ನೆ ಸಕ್ಕರೆ ಗುಳಿಗೆ ಕೊಟ್ಟು ಕೂರಿಸ್ತಾರಾ?" ಈ ಹೆದರಿಕೆ ಸಹಜ. ಆದರೆ ಪರಿಣಾಮಕಾರಿ ಚಿಕಿತ್ಸೆ ಇರುವ ಕಡೆ ಅದನ್ನು ತಪ್ಪಿಸಿ ಔಷಧವೇ ಇಲ್ಲದ ಹುಸಿ ಗುಳಿಗೆ ಮಾತ್ರ ಕೊಡುವಂತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ನಡೆದ ಟ್ರಯಲ್ ಒಂದನ್ನೇ ನೋಡಿ. ಕವಳ, ಗುಟ್ಕಾ ಜಗಿಯುವ ನಮ್ಮ ಕಡೆಗೆ ಹತ್ತಿರದ ವಿಷಯ: ಮುಂದುವರಿದ ತಲೆ-ಕತ್ತಿನ ಕ್ಯಾನ್ಸರ್. ರೋಗಿಗಳನ್ನು ಎರಡು ಗುಂಪು ಮಾಡಿದರು, ಎರಡೂ ಗುಂಪಿನವರಿಗೆ ಮೂರು ಬಗೆಯ ಔಷಧಿ ಗುಳಿಗೆ ಸಿಕ್ಕಿತು. ಒಂದು ಗುಂಪಿಗೆ ಅದರ ಜೊತೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ನಿವೊಲುಮ್ಯಾಬ್ ಇಂಜೆಕ್ಷನ್, ಅದೂ ಮಾಮೂಲಿಗಿಂತ ತೀರಾ ಕಡಿಮೆ, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ. ವರ್ಷದ ನಂತರ ಬದುಕಿದ್ದವರು ಗುಳಿಗೆ ಮಾತ್ರದ ಗುಂಪಿನಲ್ಲಿ ನೂರಕ್ಕೆ ಸುಮಾರು 16, ಇಂಜೆಕ್ಷನ್ ಪಡೆದವರಲ್ಲಿ 43. ಯಾರು ಯಾವ ಗುಂಪಿಗೆ ಎನ್ನುವುದನ್ನು ಮಾತ್ರ ರೋಗಿಯೂ ಆರಿಸುವಂತಿಲ್ಲ, ಡಾಕ್ಟರೂ ಆರಿಸುವಂತಿಲ್ಲ; ಚೀಟಿ ಎತ್ತಿದ ಹಾಗೆ ಅದು ತೀರ್ಮಾನವಾಗುತ್ತದೆ.

ಟ್ರಯಲ್ ಹುಡುಕುವುದು ಸಿಟಿಆರ್‌ಐ (CTRI) ಎಂಬ ಸರ್ಕಾರಿ ನೋಂದಣಿ ವೆಬ್‌ಸೈಟಿನಲ್ಲಿ. 2009ರ ಜೂನ್ 15ರಿಂದ ಔಷಧ ಟ್ರಯಲ್‌ಗಳು ಅಲ್ಲಿ ನೋಂದಾಯಿಸಲೇಬೇಕು. ಕಾಯಿಲೆಯ ಹೆಸರು ಹಾಕಿದರೆ ಉದ್ದ ಪಟ್ಟಿ ಬರುತ್ತದೆ, ಗಾಬರಿಯಾಗಬೇಡಿ. ಮೊದಲು ನೋಡಬೇಕಾದ್ದು ಭಾರತದಲ್ಲಿ ಈಗ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆಯೇ ಎಂದು. ಆಮೇಲೆ ಆಸ್ಪತ್ರೆಗಳ ಪಟ್ಟಿ. ಕಾರವಾರದವರಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ, ಭಟ್ಕಳದವರಿಗೆ ಮಣಿಪಾಲ. ಮಳೆಗಾಲದಲ್ಲಿ ಘಟ್ಟ ಕುಸಿದಾಗಲೂ ತಪ್ಪದೆ ಹೋಗಲಾದೀತೇ ಎಂದು ಮನೆಯಲ್ಲೇ ಲೆಕ್ಕ ಹಾಕಿ. ಬಸ್ ಖರ್ಚು, ಸ್ಕ್ಯಾನ್ ಖರ್ಚು ಯಾರದ್ದು ಎಂದು ನಾಚದೆ ಕೇಳಿ. ಟ್ರಯಲ್‌ಗೆ ಸೇರಿಸಲು ನಿಮ್ಮಿಂದಲೇ ದುಡ್ಡು ಕೇಳಿದರೆ, ನನ್ನ ಮಾತು ಕೇಳಿ, ಎದ್ದು ಬನ್ನಿ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಬೇಕೆನ್ನಿ. ಮನೆಗೆ ತಂದು ಓದಿ, ಆಮೇಲೆ ಸಹಿ. ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ಹೊರಬರಬಹುದು, ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಟ್ರಯಲ್‌ನಿಂದಲೇ ತೊಂದರೆಯಾದರೆ ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮದಂತೆ ಚಿಕಿತ್ಸೆ, ಪರಿಹಾರ ಎರಡೂ ಉಂಟು.

ಇನ್ನೊಂದು. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ನಿಮ್ಮ ಗಡ್ಡೆಯ ಚೂರು ಮೇಣದಲ್ಲಿ ಕೂತಿರುತ್ತದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬ್ಲಾಕ್ ಅಂತಾರೆ. ಹಲವು ಟ್ರಯಲ್‌ಗಳಲ್ಲಿ ಅದನ್ನೇ ಮತ್ತೆ ಪರೀಕ್ಷಿಸುತ್ತಾರೆ. ರಿಪೋರ್ಟ್ ತರುವಾಗಲೇ ಬ್ಲಾಕ್ ನಂಬರ್ ಬರೆಸಿಕೊಳ್ಳಿ.