ಆರನೇ ವಾರದ ಸೂಜಿಗೆ ಬಂದಾಗಲೇ ಕೆಂಪು ಮಚ್ಚೆ ತೋರಿಸಿ

ಸಕಲೇಶಪುರದಂಥ ಕಡೆ ಬಾಣಂತನ ಅಂದರೆ ಮೂರು ತಿಂಗಳು. ಮಗುವನ್ನು ಸುಮ್ಮನೆ ಹೊಸಿಲು ದಾಟಿಸುವುದಿಲ್ಲ. ತೊಂದರೆ ಏನೆಂದರೆ, ಹೆಮಾಂಜಿಯೋಮ ಎಂಬ ರಕ್ತನಾಳದ ಗಂಟು ಊದಿಕೊಳ್ಳುವುದೂ ಅದೇ ಮೂರು ತಿಂಗಳಲ್ಲಿ. ಹುಟ್ಟಿದಾಗ ಸೊಳ್ಳೆ ಕಚ್ಚಿದಂಥ ಗುರುತು, ಕೆಲವೊಮ್ಮೆ ಅದೂ ಇರುವುದಿಲ್ಲ. ಐದರಿಂದ ಏಳನೇ ವಾರದಲ್ಲಿ ಬೆಳವಣಿಗೆ ಜೋರು. ಐದನೇ ತಿಂಗಳಿಗೆ ಬಹುತೇಕ ಮುಗಿದಿರುತ್ತದೆ. ಹೇಗೂ ಆರನೇ ವಾರಕ್ಕೆ ಲಸಿಕೆಗೆ ಕರೆತರುತ್ತೀರಲ್ಲ, ಆಗಲೇ ಬಟ್ಟೆ ಬಿಚ್ಚಿ ತೋರಿಸಿ.

ಬೆನ್ನು, ತೋಳಿನ ಮೇಲಿನ ಸಣ್ಣ ಗಂಟಿಗೆ ಏನೂ ಮಾಡಬೇಕಿಲ್ಲ. ವರ್ಷದ ನಂತರ ತಾನೇ ಕುಗ್ಗಿ, ನಾಲ್ಕೈದು ವರ್ಷಕ್ಕೆ ಬಹುಪಾಲು ಇಳಿಯುತ್ತದೆ. ರೆಪ್ಪೆ, ಮೂಗಿನ ತುದಿ, ತುಟಿಯ ಮೇಲಿದ್ದರೆ ಕಾಯಬಾರದು. ಐದು ಅಥವಾ ಹೆಚ್ಚು ಗಂಟುಗಳಿದ್ದರೆ ಯಕೃತ್ತಿನ ಸ್ಕ್ಯಾನ್ ಬೇಕು.

ಔಷಧಿ ಪ್ರೊಪ್ರನೊಲಾಲ್, ಹಳೆಯ ಹೃದ್ರೋಗದ ಮಾತ್ರೆ. ಗಂಟಿನ ಮೇಲೆ ಅದರ ಗುಣ ಗೊತ್ತಾಗಿದ್ದು ಫ್ರಾನ್ಸಿನಲ್ಲಿ, ಆಕಸ್ಮಿಕವಾಗಿ, ವರದಿಯಾದದ್ದು 2008ರಲ್ಲಿ. ಕಡಿಮೆಯಿಂದ ಶುರುಮಾಡಿ, ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 2ರಿಂದ 3 ಮಿಗ್ರಾಂ ತನಕ ಏರಿಸುತ್ತಾರೆ. 5 ಕಿಲೋ ಮಗುವಿಗೆ 2ರ ಲೆಕ್ಕದಲ್ಲಿ ಹೊತ್ತಿಗೆ 5 ಮಿಗ್ರಾಂ, ಎರಡು ಹೊತ್ತು, ನಡುವೆ ಕನಿಷ್ಠ 9 ಗಂಟೆ. ಆರು ತಿಂಗಳಾದರೂ ನಡೆಯುತ್ತದೆ. ತೂಕ ಏರಿದಂತೆ ಅಳತೆಯೂ ಬದಲಾಗುತ್ತದೆ; ಅದನ್ನು ವೈದ್ಯರೇ ಬದಲಿಸಬೇಕು.

ಎಡವಟ್ಟಾಗುವುದು ಮನೆಯಲ್ಲಿ. ಚಮಚದಲ್ಲಿ ಅಂದಾಜು ಹಾಕುತ್ತಾರೆ, ಸಿರಿಂಜಿನಲ್ಲೇ ಅಳೆಯಿರಿ. ಹಾಲು ಕುಡಿಸಿದ ಮೇಲಷ್ಟೇ ಔಷಧಿ. ಮಗು ಹಾಲು ಬಿಟ್ಟಿದ್ದರೆ, ವಾಂತಿಯಿದ್ದರೆ ಆ ಹೊತ್ತಿನದು ಬೇಡ, ರಕ್ತದ ಸಕ್ಕರೆ ಕುಸಿಯುತ್ತದೆ. ಕುಸಿದಾಗ ಎದೆ ಡವಗುಟ್ಟುವ ಸೂಚನೆಯನ್ನು ಈ ಔಷಧಿಯೇ ಮುಚ್ಚಿಬಿಡುತ್ತದೆ. ಬೆವರು, ಮಂಪರು ಕಂಡರೆ ಆಸ್ಪತ್ರೆಗೆ ಓಡಿ. ಮಲೆನಾಡಿನ ಮಳೆಗಾಲದಲ್ಲಿ ಎದೆ ಗುರುಗುಟ್ಟಿ ಉಸಿರು ಸಿಕ್ಕಿಕೊಂಡರೂ ನಿಲ್ಲಿಸಿ ವೈದ್ಯರನ್ನು ಕೇಳಿ. ತೆಳುವಾದ ಸಣ್ಣ ಮಚ್ಚೆಗಾದರೆ ವೈದ್ಯರು ಟಿಮೊಲಾಲ್ ಕಣ್ಣಿನ ಹನಿಯನ್ನೇ ಮೇಲೆ ಹಚ್ಚಲು ಹೇಳಬಹುದು.

ಲಂಗೋಟಿ ಕಟ್ಟುವ ಜಾಗದ ಗಂಟು ಹುಣ್ಣಾಗುವುದು ಹೆಚ್ಚು. ಮೊದಲು ಮೇಲ್ಮೈ ಬೂದುಬಿಳಿ ಆಗುತ್ತದೆ. ಪ್ರತಿ ಸಲ ಬಟ್ಟೆ ಬದಲಿಸುವಾಗ ವ್ಯಾಸಲಿನ್ ಸವರಿ. ರಕ್ತ ಬಂದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ. ಕಾಫಿಪುಡಿ ಮೆತ್ತುವುದಂತೂ ಬೇಡವೇ ಬೇಡ. ಬರೆ ಹಾಕಿದರೆ ಗಂಟು ಹೋಗುವುದಿಲ್ಲ, ಕಲೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ.

ಬೆನ್ನಡಿಯ ನೀಲಿ ಮಚ್ಚೆ ಬೇರೆಯೇ ಜಾತಿ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ, ಶಾಲೆಗೆ ಸೇರುವ ಹೊತ್ತಿಗೆ ಸಾಮಾನ್ಯವಾಗಿ ಮಾಸುತ್ತದೆ. ಆದರೆ ಮುಖದ ಒಂದೇ ಬದಿಗೆ ದ್ರಾಕ್ಷಾರಸ ಚೆಲ್ಲಿದಂಥ ಚಪ್ಪಟೆ ಕೆಂಪು ಹುಟ್ಟಿದಾಗಿನಿಂದಲೇ ಇದ್ದರೆ ಅದು ತಾನಾಗಿ ಹೋಗದು, ಲೇಸರ್ ಹಲವು ಸಲ ಬೇಕು. ಹಣೆ, ರೆಪ್ಪೆಯವರೆಗೆ ಹರಡಿದ್ದರೆ ಲೇಸರಿಗೂ ಮೊದಲು ಕಣ್ಣಿನ ಒತ್ತಡ ನೋಡಿಸಿ.