ಯಾಕೆ ಅಂತ ಕೇಳಬೇಡಿ, ಕಾಗದ ಕೇಳಿ

ನಮ್ಮ ಸುದ್ದಿಸಂಸ್ಥೆಯ ಆಫೀಸಿಗೆ ಬರುವವರು ಕುರ್ಚಿ ಎಳೆದು ಕೂರುವ ಮೊದಲೇ ಹೇಳುವ ಮಾತು ಒಂದಿದೆ. ‘ಮೇಡಂ, ಇದು ಊರಿಗೆಲ್ಲ ಗೊತ್ತಿರೋ ವಿಷಯ, ನೀವು ಸುಮ್ನೆ ಹಾಕಿ.’ ಊರಿಗೆಲ್ಲ ಗೊತ್ತಿದ್ದರೆ ನಾನು ಹಾಕಿ ಏನು ಪ್ರಯೋಜನ, ಅಲ್ವಾ? ಹಾಗಂತ ಬಾಯಿಬಿಟ್ಟು ಹೇಳುವುದಿಲ್ಲ. ಕಾಫಿ ತರಿಸುತ್ತೇನೆ. ಆಮೇಲೆ ಕಾಗದ ಏನಾದರೂ ಇದೆಯಾ ಅಂತ ಕೇಳುತ್ತೇನೆ. ಆಗ ಜೇಬಿನಿಂದ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯ ಉತ್ತರ ಹೊರಗೆ ಬರುತ್ತದೆ, ನಾಲ್ಕು ಮಡಿಕೆಯಲ್ಲಿ. ಒಳಗೆ ಎರಡೇ ಸಾಲು: ತಾವು ಕೋರಿರುವುದು ಮಾಹಿತಿಯ ವ್ಯಾಖ್ಯಾನದಡಿ ಬರುವುದಿಲ್ಲ. ‘ನೋಡಿದ್ರಾ, ಎಲ್ಲ ಸೇರ್ಕೊಂಡಿದ್ದಾರೆ!’ ಇರಬಹುದು. ಆದರೆ ಅರ್ಜಿಯ ನಕಲು ಇಸ್ಕೊಂಡು ಓದಿದರೆ, ಎಷ್ಟೋ ಸಲ ಎಡವಟ್ಟು ಅಲ್ಲೇ ಆಗಿರುತ್ತದೆ.

ನಮ್ಮದು ಚಿಕ್ಕ ಟ್ರಸ್ಟ್. ಜಾಹೀರಾತು ಇಲ್ಲ, ಲಾಭ ಹಂಚಿಕೊಳ್ಳುವವರಿಲ್ಲ, ಜನರ ದೇಣಿಗೆಯಿಂದ ತನಿಖಾ ವರದಿ ಮಾಡುತ್ತೇವೆ. ಅಷ್ಟು ಸಾಕು, ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಜನರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಒಂದು ವಿಷಯದ ಬಗ್ಗೆ ಮಾತ್ರ ಇವತ್ತು ಬರೆಯುತ್ತೇನೆ.

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅದರ 2(ಎಫ್) ಕಲಂ ಮಾಹಿತಿ ಅಂದರೆ ಏನು ಅಂತ ಹೇಳುತ್ತದೆ: ದಾಖಲೆ, ಆದೇಶ, ವರದಿ, ಲಾಗ್‌ಬುಕ್, ಕರಾರು, ಮಾದರಿ, ಇಮೇಲ್, ಹೀಗೆ. ಅಂದರೆ ಈಗಾಗಲೇ ಕಚೇರಿಯ ಕಪಾಟಿನಲ್ಲೋ ಕಂಪ್ಯೂಟರಿನಲ್ಲೋ ಇರುವ ವಸ್ತು. ನೀವು ‘ರಸ್ತೆ ಯಾಕೆ ಮಾಡಿಲ್ಲ?’ ಅಂತ ಬರೆದರೆ ಆ ಕಪಾಟಿನಲ್ಲಿ ‘ಯಾಕೆ’ ಅನ್ನುವ ಫೈಲ್ ಇರುವುದಿಲ್ಲ. ಯಾರೋ ಕೂತು ಯೋಚಿಸಿ ಉತ್ತರ ಬರೆಯಬೇಕಾಗುತ್ತದೆ. ಕಚೇರಿಗಳು ಹಾಗೆ ಹೊಸದಾಗಿ ಮಾಹಿತಿ ತಯಾರಿಸಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ, ಸಿಬಿಎಸ್‌ಇ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಹೇಳಿದೆ. ‘ಇದು ಸರಿಯೇ?’, ‘ಯಾರು ಹೊಣೆ?’, ‘ಯಾವಾಗ ಕ್ರಮ ಕೈಗೊಳ್ಳುತ್ತೀರಿ?’ ಇವೆಲ್ಲ ಅದೇ ಜಾತಿಯ ಪ್ರಶ್ನೆಗಳು. ಕೋಪ ತೀರಿಸಿಕೊಳ್ಳಲು ಚೆನ್ನಾಗಿವೆ. ಆದರೆ ಅವು ಅಧಿಕಾರಿಗೆ ಕಾನೂನುಬದ್ಧವಾಗಿ ತಪ್ಪಿಸಿಕೊಳ್ಳಲು ನೀವೇ ತೆಗೆದುಕೊಟ್ಟ ಬಾಗಿಲು.

ಒಂದು ತಡೆಗೋಡೆಯ ಕಥೆ ಹೇಳುತ್ತೇನೆ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕೊಡಗು ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ತಡೆಗೋಡೆ. ಸೋಮವಾರಪೇಟೆ ಕಡೆಯ ಒಂದು ಹಳ್ಳಿ ರಸ್ತೆಗೂ ಒಂದು ಬಂತು. ಮುಂದಿನ ಮಳೆಗಾಲಕ್ಕೇ ಅದರ ಅರ್ಧ ಭಾಗ ಕೆಳಗಿನ ಕಾಫಿ ತೋಟಕ್ಕೆ ಜಾರಿತು. ತೋಟದ ಯಜಮಾನರು ಹಿರಿಯರು, ಮಾತು ಸ್ವಲ್ಪ ಒರಟು, ಮನಸ್ಸು ಬಹಳ ಒಳ್ಳೆಯದು. ಅರ್ಜಿ ಹಾಕಿದ್ದರು. ಒಂದೇ ಮಳೆಗೆ ಗೋಡೆ ಯಾಕೆ ಬಿತ್ತು, ಯಾರು ಎಷ್ಟು ತಿಂದರು, ಅವರ ಮೇಲೆ ಏನು ಕ್ರಮ, ಅಂತ ಒಂದು ಪುಟ. ಬಂದ ಉತ್ತರ ಮೇಲೆ ಹೇಳಿದ ಎರಡು ಸಾಲು.

ಅವರನ್ನು ಕೂರಿಸಿಕೊಂಡು ಹೊಸ ಅರ್ಜಿ ಬರೆದೆವು. ಇಂಥ ವರ್ಷ, ಇಂಥ ಊರಿನ ರಸ್ತೆಯ ತಡೆಗೋಡೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಅಂತಿಮ ಬಿಲ್, ಗುಣಮಟ್ಟ ಪರೀಕ್ಷೆಯ ವರದಿ, ಇವುಗಳ ದೃಢೀಕೃತ ನಕಲು. ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಅವರಿಗೆ ಸಮಾಧಾನವೇ ಇಲ್ಲ. ‘ಇದರಲ್ಲಿ ಕಳ್ಳತನ ಅಂತ ಎಲ್ಲೂ ಬರ್ಲಿಲ್ಲವಲ್ಲಮ್ಮ?’ ಅಂತ ಎರಡೆರಡು ಸಲ ಕೇಳಿದರು. ಬರಬಾರದು ಅಂತಲೇ ಹಾಗೆ ಬರೆದದ್ದು.

ಈ ಸಲ ಕಾಗದ ಬಂತು. ಅಳತೆ ಪುಸ್ತಕವನ್ನು ಆಫೀಸುಗಳಲ್ಲಿ ಎಲ್ಲರೂ ಎಂಬಿ ಅಂತಾರೆ. ಅದರಲ್ಲಿ ಅಡಿಪಾಯ ಒಂದೂವರೆ ಮೀಟರ್ ಆಳ ಅಂತ ಇತ್ತು. ಸ್ಥಳದಲ್ಲಿ ಯಜಮಾನರು ದೊಣ್ಣೆ ಹಿಡಿದು ಅಳೆದು ತೋರಿಸಿದ್ದು ಎರಡಡಿಗೂ ಕಮ್ಮಿ. ಅವರಿಗೆ ಅಷ್ಟೇ ಸಾಕಾಗಿತ್ತು, ನನಗೆ ಸಾಕಾಗಲಿಲ್ಲ. ಗೋಡೆ ಜಾರಿದ ಮೇಲೆ ಅಡಿಯ ಮಣ್ಣೂ ಕೊಚ್ಚಿ ಹೋಗಿರಬಹುದು, ದೊಣ್ಣೆಯ ಅಳತೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಮಗೆ ಗಟ್ಟಿಯಾಗಿ ಸಿಕ್ಕಿದ್ದು ಬೇರೆ ಹಾಳೆಯಲ್ಲಿ. ಕಾಂಕ್ರೀಟ್ ಹಾಕುವಾಗ ಅದೇ ಕಲಸಿನಿಂದ ಕ್ಯೂಬ್ ಅಚ್ಚು ತುಂಬಿಸಿ ಇಟ್ಟು, 28 ದಿನ ಕಳೆದ ಮೇಲೆ ಒತ್ತಿ ಗಟ್ಟಿತನ ನೋಡುವುದು ಪದ್ಧತಿ. ಆ ಫೈಲಿನಲ್ಲಿದ್ದ 28 ದಿನದ ಪರೀಕ್ಷಾ ವರದಿಯ ತಾರೀಖಿಗೂ ಕಾರ್ಯಾದೇಶದ ತಾರೀಖಿಗೂ ನಡುವೆ ಇದ್ದದ್ದು 19 ದಿನ. ಕೆಲಸ ಶುರು ಮಾಡಿ ಅಂತ ಹೇಳಿ 19 ದಿನಕ್ಕೆ, 28 ದಿನ ಹಳೆಯ ಕಾಂಕ್ರೀಟ್ ಪಾಸ್!

ಇಲ್ಲಿ ನಮ್ಮ ‘ಯಾಕೆ’ ಶುರುವಾಯಿತು. ಇಲಾಖೆಗೂ ಗುತ್ತಿಗೆದಾರರಿಗೂ ಲಿಖಿತವಾಗಿ ಕೇಳಿದೆವು, ಉತ್ತರಕ್ಕೆ ಸಮಯ ಕೊಟ್ಟೆವು, ಬಂದ ಉತ್ತರವನ್ನು ಇದ್ದ ಹಾಗೇ ಹಾಕಿದೆವು. ಅಡಿಪಾಯದ ಆಳದ ಬಗ್ಗೆ ಬರೆಯಲಿಲ್ಲ. ಯಜಮಾನರಿಗೆ ಅದೊಂದು ಬೇಜಾರು ಈಗಲೂ ಇದೆ. ಆದರೆ ಮಾನನಷ್ಟ ಇನ್ನೂ ಕ್ರಿಮಿನಲ್ ಅಪರಾಧವೇ, ಹಳೇ ಐಪಿಸಿಯ 499, 500 ಹೋಗಿ ಈಗ ಭಾರತೀಯ ನ್ಯಾಯ ಸಂಹಿತೆಯ 356 ಬಂದಿದೆ. ದೊಡ್ಡ ಪತ್ರಿಕೆಗೆ ವಕೀಲರ ದಂಡೇ ಇರುತ್ತದೆ. ನಮ್ಮಂಥವರು ಒಂದು ಕೇಸಿಗೆ ಹತ್ತು ಸಲ ಕೋರ್ಟಿಗೆ ಅಲೆದರೆ ಆ ವರ್ಷದ ಕೆಲಸ ಮುಗಿದಂತೆ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇನೆ. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಜಾಹೀರಾತು ಕೊಡುವವರು ರೆಸಾರ್ಟಿನವರು, ಗುತ್ತಿಗೆದಾರರು, ರಾಜಕಾರಣಿಗಳು. ನಾವು ಬರೆಯಬೇಕಾಗುವುದೂ ಅವರ ಬಗ್ಗೆಯೇ. ಅದಕ್ಕೇ ದೇಣಿಗೆ. ಅದೂ ಸಲೀಸಲ್ಲ. ವರದಿಗಾರರು, ಸಂಪಾದಕರು, ಸುದ್ದಿ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನು 2010ರ ಎಫ್‌ಸಿಆರ್‌ಎ ಕಾಯ್ದೆಯ 3ನೇ ಕಲಂ ತಡೆಯುತ್ತದೆ. ಹಾಗಾಗಿ ಅಮೆರಿಕದ ಪಾಸ್‌ಪೋರ್ಟ್ ಪಡೆದ ನಮ್ಮೂರ ಹುಡುಗ ಪ್ರೀತಿಯಿಂದ ಕಳಿಸುತ್ತೇನೆ ಅಂದರೂ ಬೇಡಪ್ಪಾ ಅನ್ನಬೇಕು. ‘ದಿ ರಿಪೋರ್ಟರ್ಸ್ ಕಲೆಕ್ಟಿವ್’ ಮತ್ತು ನಮ್ಮ ಕನ್ನಡದ ‘ದಿ ಫೈಲ್’ ಎಂಬ ತನಿಖಾ ಸುದ್ದಿ ಸಂಸ್ಥೆಗಳ ಲಾಭರಹಿತ ಸ್ಥಾನಮಾನವನ್ನು ಆದಾಯ ತೆರಿಗೆ ಇಲಾಖೆ ರದ್ದು ಮಾಡಿದ ಸುದ್ದಿ 2025ರ ಜನವರಿಯಲ್ಲಿ ಬಂದಾಗ ನಮ್ಮ ಲೆಕ್ಕಪರಿಶೋಧಕರು ಬೆಳಗ್ಗೆಯೇ ಫೋನ್ ಮಾಡಿದ್ದರು. ಇಷ್ಟರ ನಡುವೆ ದೇಣಿಗೆ ಕೊಟ್ಟ ಒಬ್ಬರು ಬಂದು, ಪಕ್ಕದ ಎಸ್ಟೇಟಿನವರು ತೋಡು (ನೀರು ಹರಿಯುವ ಹಳ್ಳ) ಮುಚ್ಚಿದ್ದನ್ನು ಬರೆಯಿರಿ ಅಂದರು. ಬರೆಯೋಣ ಅಂತ ಸರ್ವೆ ನಕ್ಷೆ ತರಿಸಿ ನೋಡಿದರೆ ಅರ್ಧ ತೋಡು ಇವರ ಜಾಗದಲ್ಲೇ ಮಾಯವಾಗಿತ್ತು. ಅವರು ಈಗ ದೇಣಿಗೆ ಕೊಡುತ್ತಿಲ್ಲ, ಮದುವೆ ಮನೆಯಲ್ಲಿ ಸಿಕ್ಕರೆ ಮಾತ್ರ ಚೆನ್ನಾಗಿಯೇ ಮಾತಾಡಿಸುತ್ತಾರೆ.

ಮತ್ತೆ ಅರ್ಜಿಗೆ ಬರೋಣ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 150 ಪದದಲ್ಲಿ ಊರಿನ ಇತಿಹಾಸ ಬರೆಯಲು ಹೋಗಬೇಡಿ. ಮಾಹಿತಿ ಯಾಕೆ ಬೇಕು ಅಂತಲೂ ಹೇಳಬೇಕಾಗಿಲ್ಲ, 6(2) ಕಲಂ ಇರುವುದೇ ಅದಕ್ಕೆ. ಯಾವ ಕಾಗದ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಫೈಲ್ ಪರಿಶೀಲನೆಗೆ ಅವಕಾಶ ಕೊಡಿ ಅಂತ ಕೇಳಿ. 2(ಜೆ) ಪ್ರಕಾರ ಕಡತ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಬಹುದು, ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ನಾನು ಬಲ್ಲ ಮಟ್ಟಿಗೆ ನಮ್ಮ ಕಡೆ ಇದನ್ನು ಬಳಸುವವರು ಬಹಳ ಕಮ್ಮಿ.

ಒಂದು ಎಚ್ಚರಿಕೆ. ವ್ಯಕ್ತಿಗಳ ಹೆಸರಿನ ಪಟ್ಟಿ ಕೇಳಿದರೆ ಈಗ ತಿರಸ್ಕಾರ ಬರುವ ಸಾಧ್ಯತೆ ಜಾಸ್ತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಆರ್‌ಟಿಐನ 8(1)(ಜೆ) ಕಲಮನ್ನು, ಅಂದರೆ ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಕಲಮನ್ನು, ಬಿಗಿ ಮಾಡಿದೆ. ಅದಕ್ಕೇ ಆದಷ್ಟು ಕಾಮಗಾರಿಯ ಕಾಗದ ಕೇಳಿ, ಮನುಷ್ಯರದ್ದಲ್ಲ. ಇದು ಕಾನೂನು ಸಲಹೆ ಅಂದುಕೊಳ್ಳಬೇಡಿ, ದಿನಾ ಮಾಡುವ ಕೆಲಸದಿಂದ ಹೇಳುತ್ತಿದ್ದೇನೆ. ವಿಷಯ ದೊಡ್ಡದಾದರೆ ವಕೀಲರನ್ನು ಕೇಳಿ.

ಹಾಗಾದರೆ ‘ಯಾಕೆ’ ಅನ್ನುವುದನ್ನು ಎಲ್ಲಿ ಕೇಳಬೇಕು? ಗ್ರಾಮಸಭೆಯಲ್ಲಿ ಕೇಳಿ, ಶಾಸಕರನ್ನು ಕೇಳಿ, ಕೈಯಲ್ಲಿ ಕಾಗದ ಹಿಡಿದುಕೊಂಡು ಕೇಳಿ. ಬರೀ ಕೈಯಲ್ಲಿ ಕೇಳಿದರೆ ‘ಪರಿಶೀಲಿಸುತ್ತೇವೆ’, ಎಂಬಿ ಪುಟ ಹಿಡಿದು ಕೇಳಿದರೆ ವೇದಿಕೆ ಮೇಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, ಮೊದಲ ಮೇಲ್ಮನವಿಗೆ ಮತ್ತೆ 30 ದಿನ. ಜನ ಇದನ್ನು ತಪ್ಪಿಸಿಕೊಳ್ಳುವುದು ಎರಡು ಕಾಲದಲ್ಲಿ: ಕಾಫಿ ಕುಯ್ಯುವಾಗ ಮತ್ತು ಕಕ್ಕಡ (ಜುಲೈ-ಆಗಸ್ಟ್) ಮಳೆಯಲ್ಲಿ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಯಾರಿಗೆ ತಾರೀಖು ನೆನಪಿರುತ್ತದೆ, ಗೊತ್ತು. ಆದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಮ್ಮ ಹತ್ತಿರ ಬರುವಾಗ ಅರ್ಜಿಯ ನಕಲು, ಪೋಸ್ಟಿನ ರಸೀದಿ, ಉತ್ತರ ಬಂದ ಲಕೋಟೆ, ಮೂರನ್ನೂ ತನ್ನಿ. ಲಕೋಟೆ ಯಾಕೆ ಅಂದರೆ ಮುದ್ರೆಯ ತಾರೀಖಿಗೆ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬನ್ನಿ, ದಯವಿಟ್ಟು. ಜುಲೈನಲ್ಲಿ ಬರುವ ಅರ್ಧ ಕಾಗದ ಶಾಯಿ ಕದಡಿ ಓದಲಿಕ್ಕೇ ಆಗುವುದಿಲ್ಲ.