ಚಾಕು ದಪ್ಪ ಇದ್ದರೆ ಗಟ್ಟಿನಾ?

ಓದುಗರ ಪ್ರಶ್ನೆ: 'ನಾವು ಹೇಳಿದ ಹಾಗೇ ಚಾಕು ಮಾಡಿಕೊಡ್ತೀರಾ, ಇಲ್ಲ ನಿಮಗೆ ಸರಿ ಕಂಡ ಹಾಗೆ ಮಾಡ್ತೀರಾ?'

ಈ ಪ್ರಶ್ನೆ ಬರದ ವಾರವೇ ಇಲ್ಲ. ಉತ್ತರ ಚಿಕ್ಕದು. ಹಿಡಿಗೆ ಬೀಟೆಯೋ ಹಲಸೋ, ಅಲಗು ಎಷ್ಟು ಉದ್ದ, ಅಮ್ಮನ ಹೆಸರು ಕೆತ್ತಬೇಕೋ ಬೇಡವೋ, ಅದೆಲ್ಲ ನಿಮ್ಮಿಷ್ಟ. ಅಲಗಿನ ದಪ್ಪ, ಬಾಯಿಯ (ಅಂದರೆ ಕೊಯ್ಯುವ ಅಂಚಿನ) ಕೋನ, ಹದ, ಈ ಮೂರನ್ನು ನನಗೆ ಬಿಡಿ. ನೀವು ಏನು ಹೆಚ್ಚುತ್ತೀರಿ, ಎಲ್ಲಿ ಕೂತು ಹೆಚ್ಚುತ್ತೀರಿ ಅಂತ ಹೇಳಿದರೆ ಸಾಕು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯೋದಿಲ್ಲ. ಮುಂದೆ ಬರುವ ಮಾತು ನನಗೆ ಬಾಯಿಪಾಠ: 'ಅದೆಲ್ಲ ಸರಿ ಸಾರ್, ಸ್ವಲ್ಪ ದಪ್ಪ ಮಾಡಿ. ಒಂದು 5 ಮಿಲಿಮೀಟರ್ ಇರಲಿ. ಗಟ್ಟಿ ಬರಬೇಕು.'

ದಪ್ಪ ಇದ್ದರೆ ಗಟ್ಟಿ! ಇಂಜಿನಿಯರೂ ಇದನ್ನೇ ಹೇಳುತ್ತಾರೆ, ಅಡುಗೆಯವರೂ ಇದನ್ನೇ ಹೇಳುತ್ತಾರೆ. ಸುಳ್ಳು ಅಂತ ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಪಟ್ಟಿಯ ದಪ್ಪ ಎರಡರಷ್ಟಾದರೆ ಅದನ್ನು ಅಷ್ಟೇ ಬಾಗಿಸಲು ಎಂಟು ಪಟ್ಟು ಬಲ ಬೇಕು. ಲೆಕ್ಕ ಸರಿಯೇ. ಆದರೆ ಈರುಳ್ಳಿ ಹೆಚ್ಚುವಾಗ ಚಾಕುವನ್ನು ಬಾಗಿಸುವವರು ಯಾರು?

ಚಾಕು ಅಂದರೆ ಒಂದು ಬೆಣೆ. ಬಾಯಿ ಒಳಗೆ ಹೋದರೆ ಆಗಲಿಲ್ಲ, ಹಿಂದಿಂದೆ ಬೆನ್ನೂ ಹೋಗಬೇಕಲ್ಲ? ಟೊಮ್ಯಾಟೊ ಮೆತ್ತಗಿದೆ, ಸರಿದು ಜಾಗ ಕೊಡುತ್ತದೆ. ಕ್ಯಾರೆಟ್ ಕೊಡೋದಿಲ್ಲ. ಅರ್ಧಕ್ಕೆ ಹೋಗುತ್ತಲೇ ಪಟ್ ಅಂತ ಸೀಳಿ ಒಂದು ಹೋಳು ನೆಲಕ್ಕೆ ಹಾರುತ್ತದೆ. ಸಿಹಿಗುಂಬಳವಂತೂ ಚಾಕುವನ್ನು ಕಚ್ಚಿಕೊಂಡು ಕೂರುತ್ತದೆ. ಎಷ್ಟು ಮಸೆದರೂ ಇದು ಹೋಗೋದಿಲ್ಲ, ಯಾಕಂದ್ರೆ ತೊಂದರೆ ಬಾಯಿಯಲ್ಲಿಲ್ಲ, ಅದರ ಹಿಂದೆ ಇದೆ. ನಾನು ಮಾಡುವ ಅಡುಗೆ ಚಾಕುವಿನ ಬೆನ್ನು 2 ಮಿಲಿಮೀಟರ್. ಬಾಯಿಯಿಂದ ಒಂದು ಕೂದಲೆಳೆ ಮೇಲೆ 0.3, ಅಂದರೆ ಮೂರು ಹಾಳೆ ಜೆರಾಕ್ಸ್ ಕಾಗದ ಸೇರಿಸಿದಷ್ಟು.

ತೂಕವನ್ನೂ ನೋಡಿ. 200 ಮಿಲಿಮೀಟರ್ ಉದ್ದ, 45 ಅಗಲದ ಅಲಗು, ಬೆನ್ನಿಂದ ಬಾಯಿಯವರೆಗೆ ಒಂದೇ ಸಮ ಸವೆಸಿದ್ದು ಅಂತಿಟ್ಟುಕೊಳ್ಳಿ. ಬೆನ್ನು 2 ಇದ್ದರೆ ಸುಮಾರು 70 ಗ್ರಾಂ. 5 ಇದ್ದರೆ 175. ಇದನ್ನು ಹಿಡಿದು ಎರಡು ಕೆಜಿ ಬೀನ್ಸ್ ಹೆಚ್ಚಿ, ಆಮೇಲೆ ಮಾತಾಡೋಣ.

ಇನ್ನು ಬಾಳಿಕೆ. ಅದು ಬರೋದು ಉಕ್ಕಿನಿಂದ, ಹದದಿಂದ. ಲಾರಿಯ ಸ್ಪ್ರಿಂಗ್ ಪ್ಲೇಟನ್ನೇ ತಗೊಳ್ಳಿ. 850 ಡಿಗ್ರಿಯ ಹತ್ತಿರ ಕಾಯಿಸಿ ಎಣ್ಣೆಗೆ ಇಳಿಸಿದ ಗಳಿಗೆಯಲ್ಲಿ ಅದು ಗಾಜಿನ ಜಾತಿಗೆ ಸೇರುತ್ತದೆ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಎರಡು ತುಂಡಾದರೂ ಆಗಬಹುದು, 5 ಮಿಲಿಮೀಟರ್ ಇದ್ದರೂ ಅಷ್ಟೇ. ಮತ್ತೆ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಇಳಿಸಿದ ಮೇಲೇ ಅದು ಚಾಕು. ಇದಕ್ಕೇ ಹದ ಅನ್ನೋದು. ದುಡ್ಡು ಕೊಡೋದೂ ಇದಕ್ಕೇ.

ಒಮ್ಮೆ ಸೋತು 5 ಮಿಲಿಮೀಟರಿನದು ಮಾಡಿಕೊಟ್ಟಿದ್ದೆ. ಮೂರು ತಿಂಗಳಿಗೆ ವಾಪಸ್ ಬಂತು. 'ಮೊಂಡಾಗಿದೆ' ಅಂದರು. ನೋಡಿದರೆ ಕಾಗದ ಸರ್ರನೆ ಕೊಯ್ಯುತ್ತಿತ್ತು. ಏನೂ ಹೇಳದೆ ಸಾಣೆಗೆ ಹಿಡಿದು ಎರಡೂ ಪಕ್ಕ ತೆಳು ಮಾಡಿ ಕಳಿಸಿದೆ. 'ಈಗ ಚೆನ್ನಾಗಿ ಮಸೆದಿದ್ದೀರಿ' ಅಂತ ಹೊಗಳಿದರು. ಆ ಹೊಗಳಿಕೆಯನ್ನು ಎಲ್ಲಿಡಲಿ?

ಗಿರಾಕಿ ಹೇಳಿದ್ದೆಲ್ಲ ತಪ್ಪು ಅಂತಲ್ಲ. ಒಬ್ಬ ಅಮ್ಮ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸಿ ಅಂದಿದ್ದರು. ನೋಡೋಕೆ ಸೊಟ್ಟ, ನನಗೆ ಇಷ್ಟವಿರಲಿಲ್ಲ. ಅವರು ನೆಲದ ಮೇಲೆ ಕೂತು ಮಣೆಯಲ್ಲಿ ಹೆಚ್ಚುವವರು. ಆ ಎತ್ತರಕ್ಕೆ ನನ್ನ ಮಾಮೂಲಿ ಹಿಡಿಯಲ್ಲಿ ಬೆರಳ ಗೆಣ್ಣು ಮಣೆಗೆ ಬಡಿಯುತ್ತಿತ್ತು. ನಾನು ನಿಂತು ಹೆಚ್ಚುವವನು, ನನಗೆ ಹೊಳೆದಿರಲಿಲ್ಲ. ಈಗ ಎಲ್ಲರನ್ನೂ ಮೊದಲು ಅದನ್ನೇ ಕೇಳುತ್ತೇನೆ.

ಹಾಂ, ಜಿಂಕೆ ಕೊಂಬಿನ ಹಿಡಿ ಕೇಳಬೇಡಿ. 'ಕಾಡಲ್ಲಿ ಬಿದ್ದಿದ್ದು ಸಾರ್' ಅಂದರೂ 1972ರ ವನ್ಯಜೀವಿ ಕಾಯ್ದೆ ಒಪ್ಪೋದಿಲ್ಲ. 'ಲಾಂಗ್' ಬೇಕು ಅನ್ನುವವರ ಫೋನನ್ನು ಅಲ್ಲೇ ಇಡುತ್ತೇನೆ.

'ಹಾಗಾದ್ರೆ ಮಲೆನಾಡಿನ ಕತ್ತಿ ಯಾಕೆ ಅಷ್ಟು ದಪ್ಪ?' ಇದನ್ನು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಕತ್ತಿ ಕೊಯ್ಯೋದಿಲ್ಲ, ಕಡಿಯುತ್ತದೆ. ಬೀಸಿದಾಗ ತೂಕವೇ ಅರ್ಧ ಕೆಲಸ ಮಾಡಬೇಕು. ಕೊಡಗಿನ ಒಡಿಕತ್ತಿಯ ಅಲಗು ಮುಂದೆ ಹೋದಷ್ಟೂ ಅಗಲವಾಗೋದು ಸುಮ್ನೆ ಚಂದಕ್ಕಲ್ಲ. ಕತ್ತಿಯ ಹದವನ್ನೂ ತುಸು ಮೆತ್ತಗೆ ಇಡಬೇಕು. ಗಂಟಿಗೆ ಬಡಿದರೆ ಬಾಯಿ ಮಡಚಿಕೊಳ್ಳಲಿ, ಚೂರಾಗಿ ಹಾರಬಾರದು. ಮಡಚಿದ್ದನ್ನು ಅರದಲ್ಲಿ ತಿದ್ದಬಹುದು.

ಕುಲುಮೆಗೆ ಬರುವ ತೋಟದವರು ಅಳತೆ ಹೇಳೋದೇ ಇಲ್ಲ. ಸವೆದ ಹಳೇ ಕತ್ತಿ ತಂದು 'ಇದೇ ತರ' ಅಂತ ಮುಂದಿಡುತ್ತಾರೆ. ಬಾಯಿ ಎಲ್ಲಿ ಹೆಚ್ಚು ಸವೆದಿದೆ, ಹಿಡಿಯಲ್ಲಿ ಹೆಬ್ಬೆರಳು ಎಲ್ಲಿ ಕೂತಿದೆ ಅಂತ ಕಮ್ಮಾರ ತಿರುಗಿಸಿ ತಿರುಗಿಸಿ ನೋಡುತ್ತಾನೆ. ನೀವೂ ಹಾಗೇ ಮಾಡಿ. ಅಡುಗೆಮನೆಯಲ್ಲಿ ದಿನಾ ಕೈಗೆ ಬರುವ ಚಾಕುವಿನ ಫೋಟೋ ತೆಗೆದು ಕಳಿಸಿ. ತೊಳೆಯದಿದ್ದರೂ ಪರವಾಗಿಲ್ಲ.